ಹೊರಡೋ ಮೊದಲೇ ಶುರುವಾಗೋ ಸುರಕ್ಷತೆ: ಹೋಕುಲೆಅ ದೋಣಿಯ ಪಾಠ

[ನಕ್ಷೆ: ಹವಾಯಿಯಿಂದ ದಕ್ಷಿಣಕ್ಕೆ ತಾಹಿತಿವರೆಗೆ ಒಂದು ಗೆರೆ]

ನಮಸ್ಕಾರ. ಹವಾಯಿಯಿಂದ ತಾಹಿತಿಗೆ ಸುಮಾರು 4,000 ಕಿಲೋಮೀಟರ್. ಎಂಜಿನ್ ಇಲ್ಲ, ದಿಕ್ಸೂಚಿ ಇಲ್ಲ. ನಕ್ಷತ್ರ, ಅಲೆ, ಗಾಳಿ, ಹಕ್ಕಿ ನೋಡ್ಕೊಂಡೇ ದಾರಿ ಹಿಡೀಬೇಕು. 1976ರಲ್ಲಿ ಹೋಕುಲೆಅ ಅನ್ನೋ ಜೋಡಿ ದೋಣಿ, ಅಂದ್ರೆ ಎರಡು ಒಡಲುಗಳನ್ನ ಅಡ್ಡತೊಲೆಗಳಿಂದ ಸೇರಿಸಿದ ಹಾಯಿ ದೋಣಿ, ಒಂದು ತಿಂಗಳು ಚಿಲ್ಲರೆ ದಿನದಲ್ಲಿ ಈ ದೂರ ದಾಟಿತು. ದಾರಿ ತೋರಿಸಿದವರು ಮೈಕ್ರೊನೇಷ್ಯಾದ ಸತವಾಲ್ ದ್ವೀಪದ ಮೌ ಪಿಯಾಲುಗ್. ಹವಾಯಿ, ತಾಹಿತಿ ಎಲ್ಲ ಸೇರಿರೋ ಪೆಸಿಫಿಕ್ ದ್ವೀಪಗಳ ಸಮೂಹ ಪಾಲಿನೇಷ್ಯಾದ ಹಳೇ ಕಡಲ ವಿದ್ಯೆ ಕಟ್ಟುಕತೆ ಅಲ್ಲ ಅಂತ ಅವತ್ತು ಜಗತ್ತಿಗೆ ಗೊತ್ತಾಯ್ತು.

ಆ ಗೆಲುವಿನ ಬಗ್ಗೆ ಎಲ್ಲರೂ ಮಾತಾಡ್ತಾರೆ. ನಾನು ಹೇಳಬೇಕಂತಿರೋದು ಅದಾದ ಎರಡು ವರ್ಷಕ್ಕೆ ಬಂದ ಒಂದು ರಾತ್ರಿಯ ವಿಷಯ. ಇವತ್ತು ಆ ದೋಣಿಯಲ್ಲಿ ಪಾಲಿಸೋ ಕಟ್ಟುನಿಟ್ಟಿನ ಬೇರು ಅಲ್ಲಿದೆ.

[ಹಳೇ ಫೋಟೋ: ಹೊನೊಲುಲು ಬಂದರು]

1978ರ ಮಾರ್ಚ್ 16. ಹೋಕುಲೆಅ ಮತ್ತೆ ತಾಹಿತಿಗೆ ಹೊರಟಿತು. ಗಾಳಿ ಜೋರಾಗಿತ್ತು, ಕಡಲು ಎದ್ದಿತ್ತು. ಒಂದು ತಿಂಗಳಿಗೆ ಬೇಕಾದ ಆಹಾರ, ನೀರು, ಸಾಮಾನು ತುಂಬಿ ದೋಣಿ ಭಾರವಾಗಿತ್ತು. 1976ರಲ್ಲಿ ಜೊತೆಗೆ ಒಂದು ಬೆಂಗಾವಲು ಹಡಗು ಇತ್ತು, ಈ ಸಲ ಇರಲಿಲ್ಲ. ಕೆಲವೇ ಗಂಟೆಯಲ್ಲಿ, ಮೊಲೊಕೈ ದ್ವೀಪದ ದಕ್ಷಿಣಕ್ಕೆ, ಒಂದು ಬದಿಯ ಒಡಲಿಗೆ ನೀರು ತುಂಬ್ತು. ಆ ಬದಿ ತಗ್ಗಿತು, ದೋಣಿ ಮಗುಚಿತು.

ಇಲ್ಲಿ ಒಂದು ವಿಷಯ ತಿಳ್ಕೊಳ್ಳಿ. ತಳದಲ್ಲಿ ಕೀಲ್ ಅನ್ನೋ ಭಾರದ ಭಾಗ ಇರೋ ಹಾಯಿ ಹಡಗು ಮಗುಚಿದ್ರೂ ಆ ಭಾರಕ್ಕೇ ತಿರುಗಿ ಎದ್ದು ನಿಲ್ಲಬಹುದು. ಜೋಡಿ ದೋಣಿಗೆ ಆ ಭಾರ ಇಲ್ಲ. ಎರಡು ಒಡಲುಗಳ ನಡುವಿನ ಅಗಲವೇ ಅದರ ಬಲ. ನೆಟ್ಟಗಿದ್ದಾಗ ಅದು ಎಷ್ಟು ಗಟ್ಟಿಯಾಗಿ ನಿಲ್ಲುತ್ತೋ, ತಲೆಕೆಳಗಾದ ಮೇಲೂ ಅಷ್ಟೇ ಗಟ್ಟಿಯಾಗಿ ತಲೆಕೆಳಗೇ ಉಳಿಯುತ್ತೆ. ನಡುಗಡಲಲ್ಲಿ ಸಿಬ್ಬಂದಿ ಕೈಯಿಂದ ಅದನ್ನ ಎತ್ತಿ ನಿಲ್ಲಿಸೋಕಾಗಲ್ಲ.

ರಾತ್ರಿಯಿಡೀ ಎಲ್ಲರೂ ಮಗುಚಿದ ದೋಣಿ ಹಿಡ್ಕೊಂಡಿದ್ರು. ಬೆಳಗಾದ ಮೇಲೆ ಎಡ್ಡಿ ಐಕಾವು ಸರ್ಫ್‌ಬೋರ್ಡ್ ಮೇಲೆ ಲಾನೈ ದ್ವೀಪದ ಕಡೆ ಹೊರಟ್ರು, ಸಹಾಯ ಕರ್ಕೊಂಡು ಬರ್ತೀನಿ ಅಂತ. ಎಡ್ಡಿ ಸಾಮಾನ್ಯ ಈಜುಗಾರರಲ್ಲ. ವೈಮೇಅ ಕೊಲ್ಲಿಯ ಜೀವರಕ್ಷಕ, ದೈತ್ಯ ಅಲೆಗಳ ನಡುವಿಂದ ಎಷ್ಟೋ ಜನರನ್ನ ಎಳ್ಕೊಂಡು ಬಂದವರು. ಅವರು ಮತ್ತೆ ಸಿಗಲೇ ಇಲ್ಲ. ಅವತ್ತು ಸಂಜೆ, ಸಿಬ್ಬಂದಿ ಹಾರಿಸಿದ ಫ್ಲೇರ್, ಅಂದ್ರೆ ತುರ್ತು ಬೆಳಕಿನ ಬಾಣ, ಒಂದು ವಿಮಾನದವರ ಕಣ್ಣಿಗೆ ಬಿತ್ತು, ಕೋಸ್ಟ್ ಗಾರ್ಡ್ ಬಂದು ಉಳಿದವರನ್ನ ಕಾಪಾಡ್ತು. ಎಡ್ಡಿಗೆ ಆಗ 31 ವರ್ಷ.

[ದೃಶ್ಯ: ಒಡಲಿನ ಅಡ್ಡಸೀಳು ಚಿತ್ರ, ಒಳಗಿನ ಗೋಡೆಗಳು]

ದೋಣಿಯನ್ನ ಇನ್ನು ದಡದಲ್ಲೇ ಇಡೋಣ ಅನ್ನೋ ಮಾತು ಬಂದಿದ್ರೆ ಯಾರೂ ತಪ್ಪು ಅಂತಿರಲಿಲ್ಲ. ಆದ್ರೆ ಮೈರಾನ್ ಥಾಂಪ್ಸನ್ ಅನ್ನೋ ಹಿರಿಯರು ಈ ದೋಣಿ ನಡೆಸೋ ಸಂಸ್ಥೆಯ ಹೊಣೆ ಹೊತ್ತು, ಎರಡು ವರ್ಷ ತಯಾರಿ ಮಾಡಿಸಿದ್ರು. 1980ರಲ್ಲಿ ಅವರ ಮಗ ನೈನೊಅ ಥಾಂಪ್ಸನ್ ದಾರಿ ತೋರಿಸಿ ತಾಹಿತಿಗೆ ಹೋಗಿ ಬಂದ್ರು. 1978ರ ದೋಣಿಯಲ್ಲಿ ನೈನೊಅ ಕೂಡ ಇದ್ರು ಅನ್ನೋದು ನೆನಪಿರಲಿ.

ಮೊದಲ ಪಾಠ ಒಡಲಿನದು. ನೀರು ಬಂದ್ರೆ ಒಂದು ಕಡೆ ಮಾತ್ರ ಬರಬೇಕು, ಉದ್ದಕ್ಕೂ ಹರೀಬಾರದು. ಅದಕ್ಕೆ ನೀರು ದಾಟದ ಗೋಡೆಗಳಿಂದ ಒಡಲನ್ನ ಕೋಣೆ ಕೋಣೆಯಾಗಿ ಭಾಗ ಮಾಡ್ತಾರೆ, ಮುಚ್ಚಳಗಳನ್ನ ಬಿಗಿಯಾಗಿ ಹಾಕ್ತಾರೆ. ತೂಕಕ್ಕೂ ಲೆಕ್ಕ ಇರುತ್ತೆ, ಒಬ್ಬೊಬ್ಬರು ತರೋ ಬಟ್ಟೆ ಗಂಟಿಗೂ ಮಿತಿ.

ಎರಡನೇದು ಬೆಂಗಾವಲು ಹಡಗು. ಇದರ ಬಗ್ಗೆ ಕೆಲವರಿಗೆ ಅಸಮಾಧಾನ ಇದೆ, ಹಿಂದಿನವರು ಹೀಗೆ ಹೋಗ್ತಿದ್ರಾ ಅಂತ. ನನಗೆ ಈ ವಾದ ಒಪ್ಪಿಗೆ ಆಗಲ್ಲ. ಬೆಂಗಾವಲು ಹಡಗಿಗೆ ದೋಣಿ ಎಲ್ಲಿದೆ ಅಂತ ಗೊತ್ತಿರುತ್ತೆ, ಆದ್ರೆ ಅದನ್ನ ದಾರಿ ತೋರಿಸೋವರಿಗೆ ಹೇಳಲ್ಲ. ವಿದ್ಯೆಯ ಪರೀಕ್ಷೆ ಹಾಗೇ ಉಳಿಯುತ್ತೆ, ಜೀವಕ್ಕೆ ಕಾವಲೂ ಸಿಗುತ್ತೆ.

ಮನುಷ್ಯ ನೀರಿಗೆ ಬೀಳೋದು ಎಲ್ಲಕ್ಕಿಂತ ದೊಡ್ಡ ಭಯ. ಹಾಯಿ ದೋಣಿಗೆ ಬ್ರೇಕ್ ಇಲ್ಲ. ಹಾಯಿ ಇಳಿಸಿ ನಿಲ್ಲೋ ಹೊತ್ತಿಗೆ ಬಿದ್ದವರು ತುಂಬಾ ಹಿಂದೆ ಉಳಿದಿರ್ತಾರೆ, ಅಲೆಗಳ ನಡುವೆ ಒಂದು ತಲೆ ಕಾಣಿಸೋದೂ ಕಷ್ಟ. ಅದಕ್ಕೇ ಬಾವುಟ ಕಟ್ಟಿದ ತೇಲು ಕೋಲು ಯಾವಾಗಲೂ ಕೈಗೆ ಸಿಗೋ ಹಾಗಿರುತ್ತೆ. ಯಾರಾದ್ರೂ ಬಿದ್ದ ತಕ್ಷಣ ಅದನ್ನ ಎಸೀಬೇಕು, ಒಬ್ಬರು ಬಿದ್ದವರ ಮೇಲಿಟ್ಟ ಕಣ್ಣು ತೆಗೀಬಾರದು. ಕಡಲಿಗೆ ಹೋಗೋ ಮುಂಚೆ ಇದನ್ನ ಮತ್ತೆ ಮತ್ತೆ ಅಭ್ಯಾಸ ಮಾಡ್ತಾರೆ. ಶೌಚಕ್ಕೆ ದೋಣಿಯ ಅಂಚಿಗೆ ಹೋಗಬೇಕಾಗುತ್ತಲ್ಲ, ಆಗ ಸೊಂಟಕ್ಕೆ ಹಾರ್ನೆಸ್, ಅಂದ್ರೆ ದೋಣಿಗೆ ಬಿಗಿಯೋ ಸುರಕ್ಷತಾ ಪಟ್ಟಿ, ಕಟ್ಕೊಂಡೇ ಹೋಗಬೇಕು. ಕತ್ತಲಲ್ಲಿ, ಅರೆನಿದ್ದೆಯಲ್ಲಿ, ಅಂಚಿನಲ್ಲಿ ನಿಲ್ಲೋ ಆ ಎರಡು ನಿಮಿಷ ಬಿರುಗಾಳಿಯಷ್ಟೇ ಅಪಾಯದ್ದು.

ಪಾಳಿ ಪ್ರಕಾರ ಕೆಲಸ, ಪಾಳಿ ಪ್ರಕಾರ ನಿದ್ದೆ. ಅಡ್ಡತೊಲೆಗಳನ್ನ ಹಗ್ಗದಲ್ಲೇ ಬಿಗಿದಿರ್ತಾರೆ, ಅಲೆ ಬಡಿದಾಗ ಮುರಿಯದೆ ಸ್ವಲ್ಪ ಬಳುಕಲಿ ಅಂತ. ಆ ಕಟ್ಟುಗಳು ಸವೀತಿವೆಯಾ ಅಂತ ದಿನಾ ಮುಟ್ಟಿ ನೋಡಬೇಕು. ವೈದ್ಯಕೀಯ ತರಬೇತಿ ಇರೋವರೂ ಜೊತೆಗಿರ್ತಾರೆ.

[ದೃಶ್ಯ: ಉಪಗ್ರಹ, ಕಡಲಲ್ಲಿ ತೇಲೋ ಬೀಕನ್]

ಇನ್ನು ತುರ್ತು ಬೀಕನ್. ಇದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗು ಕಳಿಸುತ್ತೆ, ಅಲ್ಲಿಂದ ರಕ್ಷಣಾ ಪಡೆಗೆ ಸುದ್ದಿ ಹೋಗುತ್ತೆ. ಕೊಸ್ಪಾಸ್-ಸಾರ್ಸಾಟ್ ಅನ್ನೋ ಈ ವ್ಯವಸ್ಥೆಯಿಂದ ಮೊದಲ ಜೀವ ಉಳಿದಿದ್ದು 1982ರಲ್ಲಿ. ಎಡ್ಡಿ ಹೊರಟ ಬೆಳಗ್ಗೆ ಇಂಥದ್ದು ಇನ್ನೂ ಇರಲಿಲ್ಲ. ಅಂದಹಾಗೆ, ಈ ವ್ಯವಸ್ಥೆಯ ಭಾರತದ ನಿಯಂತ್ರಣ ಕೇಂದ್ರ ನಮ್ಮ ಬೆಂಗಳೂರಿನ ಇಸ್ರೋ ಘಟಕದಲ್ಲಿದೆ.

ಆದ್ರೆ ಬೀಕನ್ ಒತ್ತೋ ಹೊತ್ತಿಗೆ ತಡವಾಗಿರುತ್ತೆ. ನನ್ನ ಪ್ರಕಾರ ಅತಿ ಮುಖ್ಯವಾದ ಸುರಕ್ಷತೆ ದಡದಲ್ಲೇ ನಡೆಯುತ್ತೆ: ಇವತ್ತು ಹೊರಡಲ್ಲ ಅಂತ ಹೇಳೋದು. ಬೀಳ್ಕೊಡೋಕೆ ಜನ ಸೇರಿರ್ತಾರೆ, ಹಾರ ಬಂದಿರುತ್ತೆ, ವರ್ಷಗಳ ತಯಾರಿ ಇರುತ್ತೆ. ಅಷ್ಟೆಲ್ಲದರ ಎದುರು ನಾಯಕರು ಆಕಾಶ ನೋಡಿ, ಬೇಡ ಅನ್ನಬೇಕು.

2023ರಲ್ಲಿ ಹೋಕುಲೆಅ ಅಲಾಸ್ಕಾದ ಜುನೌದಿಂದ ಪೆಸಿಫಿಕ್ ಸುತ್ತೋ ಯಾನ ಶುರು ಮಾಡಿ ಕ್ಯಾಲಿಫೋರ್ನಿಯಾವರೆಗೂ ಬಂದಿತ್ತು. ಎಲ್ ನಿನೋದಿಂದ ಹವಾಮಾನ ಕೆಡೋ ಸೂಚನೆ ಇತ್ತು, ಮಾವಿ ದ್ವೀಪ ಕಾಡ್ಗಿಚ್ಚಿನಿಂದ ನೊಂದಿತ್ತು. ಮುಂದಿನ ಪ್ರಯಾಣ ನಿಲ್ಲಿಸಿ, ದೋಣಿಯನ್ನ ಸರಕು ಹಡಗಿಗೆ ಹತ್ತಿಸಿ ಹವಾಯಿಗೆ ವಾಪಸ್ ತಂದ್ರು.