ಮೊದಲ ಪಂಕ್ತಿ ಎದ್ದ ಮೇಲೆ

ನಮಸ್ಕಾರ. ಹೋದ ಸಂಚಿಕೆಗೆ ಬಂದ ಒಂದು ಟಿಪ್ಪಣಿ ಓದುತ್ತಾ ಕುಳಿತು ನನ್ನ ಕಾಫಿ ಆರಿಹೋಯಿತು. "ಅಮೆರಿಕದ ಇಲಿನಾಯ್ ರಾಜ್ಯ ಕಪ್ಪು ಜನರಿಗೆ ಗಾಂಜಾ ಅಂಗಡಿ ಹಂಚಿತಲ್ಲ, ಇನ್ನೇನು ಬೇಕಂತೆ?" ಸ್ವಾಮಿ, ಮದುವೆಮನೆಯಲ್ಲಿ ಮೊದಲ ಪಂಕ್ತಿ ಎದ್ದ ಮೇಲೆ ಕರೆದು, ಹೋಳಿಗೆ ಮುಗಿಯಿತು, ಸಾರು ಇದೆ ಎಂದರೆ ಅದನ್ನು ಊಟ ಹಾಕಿದ್ದು ಎನ್ನುತ್ತೀರಾ?

ಇಲಿನಾಯ್‌ನಲ್ಲಿ ಔಷಧಿಗಲ್ಲದೆ ಮೋಜಿಗೂ ಗಾಂಜಾ ಮಾರಲು ಬಿಟ್ಟ 2019ರ ಆ ಕಾನೂನು ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಗಾಂಜಾ ಹೆಸರಿನಲ್ಲಿ ಪೊಲೀಸರು ಹಿಡಿದು ಹಿಡಿದು ಹಾಳು ಮಾಡಿದ ಬಡಾವಣೆಗಳಿಗೆ ಈಗ ವ್ಯಾಪಾರದಲ್ಲೂ ಪಾಲು ಸಿಗಲಿ ಎಂದು 'ಸಾಮಾಜಿಕ ಸಮಾನತೆ'ಯ ಅರ್ಜಿದಾರರೆಂಬ ವರ್ಗ ಮಾಡಿದರು. ಅಂಗಡಿ ಪರವಾನಗಿಗೆ ಅವರ ಅರ್ಜಿ ಶುಲ್ಕ ಅರ್ಧ. ಸಂತೋಷ. ಆದರೆ 2020ರ ಜನವರಿ 1ರ ಬೆಳಿಗ್ಗೆ 6 ಗಂಟೆಗೆ ಬಾಗಿಲು ತೆರೆದವರು ಯಾರು? ಮೊದಲೇ ವೈದ್ಯಕೀಯ ಗಾಂಜಾ ಮಾರುತ್ತಿದ್ದ ಹಳೆಯ ಕುಳಗಳು! ಮೊದಲ ದಿನದ ಗಲ್ಲಾಪೆಟ್ಟಿಗೆಗೆ ಸುಮಾರು 32 ಲಕ್ಷ ಡಾಲರ್. ರಾಜ್ಯದಲ್ಲಿ ಗವರ್ನರ್ ನಂತರದ ಸ್ಥಾನದಲ್ಲಿದ್ದ ಲೆಫ್ಟಿನೆಂಟ್ ಗವರ್ನರ್ ಜೂಲಿಯಾನಾ ಸ್ಟ್ರಾಟನ್ ತಾವೇ ಹೋಗಿ ಗಾಂಜಾ ಮಿಠಾಯಿ ಕೊಂಡರು. ನಮ್ಮ ಮಂತ್ರಿಗಳು ಟೇಪು ಕತ್ತರಿಸಿ ಹೊರಡುತ್ತಾರೆ, ಇವರು ಪೊಟ್ಟಣ ಹಿಡಿದು ಹೊರಟರು.

ಎರಡನೆಯ ಪಂಕ್ತಿ? ಹೊಸ 75 ಪರವಾನಗಿಗಳ ಲಾಟರಿಗೆ ಮೊದಲು ಅರ್ಹರಾದದ್ದು ಕೇವಲ 21 ಅರ್ಜಿದಾರರು. ಗಲಾಟೆ, ಕೋರ್ಟು, ತಿದ್ದುಪಡಿ. ಲಾಟರಿ ಎತ್ತಿದ್ದು 2021ರಲ್ಲಿ, ಅಂಗಡಿಗಳು ಒಂದೊಂದಾಗಿ ತೆರೆಯತೊಡಗಿದ್ದು 2022ರ ಕೊನೆಗೆ. ಅಷ್ಟರಲ್ಲಿ ಹೋಳಿಗೆ ಎಲ್ಲಿತ್ತು?

ಇನ್ನೊಂದು ಚಂದ ಕೇಳಿ. ಕನಿಷ್ಠ ಹತ್ತು ಪೂರ್ಣಾವಧಿ ನೌಕರರಿದ್ದು, ಅವರಲ್ಲಿ ಶೇ. 51 ಮಂದಿ ಅಂಥ ಬಡಾವಣೆಯವರಾದರೆ ಸಾಕು, ಮಾಲೀಕ ಯಾರೇ ಆಗಿರಲಿ, ಸಮಾನತೆಯ ಅರ್ಜಿ ಹಾಕಬಹುದಿತ್ತು! ಟೀಕಾಕಾರರು ಇದಕ್ಕೆ 'ಗುಲಾಮರ ಒಡೆಯನ ಷರತ್ತು' ಎಂದೇ ಹೆಸರಿಟ್ಟರು. ಬಡಿಸುವವರನ್ನು ಅವರ ಕೇರಿಯಿಂದ ಕರೆತಂದೆ, ಆದ್ದರಿಂದ ಎಲೆ ನನಗೇ ಹಾಕಿ!

"ದುಡಿಯಲಿ, ಬ್ಯಾಂಕಿನಲ್ಲಿ ಸಾಲ ತೆಗೆಯಲಿ" ಎಂದು ಇನ್ನೊಬ್ಬರು. ಅಮೆರಿಕದ ಕೇಂದ್ರದ ಕಾನೂನಿನಲ್ಲಿ ಗಾಂಜಾ ನಿಷಿದ್ಧವೆಂದು ಬ್ಯಾಂಕಿನವರೇ ಹಿಂದೆ ಸರಿದರೆ ಸಾಲವನ್ನು ನಿಮ್ಮ ಮಾವ ಕೊಡುತ್ತಾರೆಯೇ? "ಪ್ರತಿಭೆ ಮುಖ್ಯ" ಎಂದು ಮತ್ತೊಬ್ಬರು. ಆ ಒಂದು ಸಾಲಿನಲ್ಲಿ ಮೂರು ಕಾಗುಣಿತ ತಪ್ಪು.

ಅಂದ ಹಾಗೆ, ಇಷ್ಟು ಹೊತ್ತು ಕೇಳಿಯೂ ಚಂದಾದಾರರಾಗದವರು ದಯವಿಟ್ಟು ಗಂಟೆ ಒತ್ತಿ. ಇಲ್ಲಿ ಮೊದಲ ಪಂಕ್ತಿಯೂ ಪುಕ್ಕಟೆ.

ಇನ್ನೊಂದು ಕಾರಣ ಬರೆದುಕೊಂಡಿದ್ದೆ, ಚೀಟಿ ಸಿಗುತ್ತಿಲ್ಲ. ಇರಲಿ. ಹೋಳಿಗೆ, ಸ್ವಾಮಿ! ಹೋಳಿಗೆ ತಿಂದವರು ಯಾರು ಎಂದು ಕೆಳಗೆ ಬರೆಯಿರಿ. ನಾನು ಕಾಫಿ ಬಿಸಿ ಮಾಡಿಕೊಂಡು ಬರುತ್ತೇನೆ.