ಹಾಡು ಹೇಳಿ, ಫೋನ್ ಹಚ್ಚಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ಸುಗಮ ಸಂಗೀತ ಕಲಿಸುವವಳು. ಆದರೆ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಬಾಯಿಗೆ ಬರುವುದು ಭಾವಗೀತೆ ಅಲ್ಲ. ನಲ್ಲೆ, ಮಲ್ಲಿಗೆ, ಚಂದಿರ, ಏಳೇಳು ಜನ್ಮ ಎಲ್ಲ ತುರುಕಿದ ಸಿನಿಮಾ ಪ್ರೇಮಗೀತೆ! ನೀವೂ ಹಾಡ್ತೀರಿ, ಯಾರಾದರೂ ಬಂದರೆ ತಟ್ಟನೆ ನಿಲ್ಲಿಸ್ತೀರಿ, ಅಲ್ವಾ? ನಿಲ್ಲಿಸಬೇಡಿ. ಹಾಡಿ. ಆಮೇಲೆ ದೂರದ ಗೆಳತಿಗೆ ಫೋನ್ ಮಾಡಿ. ಇವತ್ತು ನಾನು ಹೇಳೋದು ಇಷ್ಟೇ.

ನಲ್ಲನ ಹಾಡಿಗೆ ಗೆಳತಿ ಯಾಕೆ ಅಂತೀರಾ? ಆ ಹಾಡು ನಮ್ಮ ಬಾಯಿಗೆ ಬಂದದ್ದೇ ಗೆಳತಿಯರಿಂದ. ಹರೆಯದಲ್ಲಿ ಕೇಳಿದ್ದು ಮರೆಯೋದಿಲ್ಲ. ಪಲ್ಲವಿ ಸುಲಭ, ಪ್ರತಿ ಚರಣ ಮುಗಿದಾಗಲೂ ಅದೇ ತಿರುಗಿ ಬರುತ್ತೆ. ಹಾಗಾಗಿ ರಾಗ ಗೊತ್ತಿಲ್ಲದವರೂ ಒಟ್ಟಿಗೆ ಕೂಗಬಹುದು.

1987ರಲ್ಲಿ ‘ಪ್ರೇಮಲೋಕ’ ಬಂತು. ಹಂಸಲೇಖ ಅವರ ಹಾಡುಗಳು. ಧಾರವಾಡದ ನಮ್ಮ ಹಾಸ್ಟೆಲಿಗೆಲ್ಲ ಒಂದೇ ಟೇಪ್ ರೆಕಾರ್ಡರ್. ನನ್ನ ಗೆಳತಿ ಅದನ್ನು ನಿಲ್ಲಿಸಿ ನಿಲ್ಲಿಸಿ, ಅರ್ಥಶಾಸ್ತ್ರದ ನೋಟ್‌ಬುಕ್ಕಿನ ಹಿಂದೆ ಹಾಡು ಬರೆದುಕೊಂಡಳು. ಅರ್ಧ ಸಾಲು ತಪ್ಪು! ಇಡೀ ಹಾಸ್ಟೆಲ್ ಆ ತಪ್ಪನ್ನೇ ಹಾಡಿತು. ಆಮೇಲೆ ಆಕಾಶವಾಣಿಗೆ ಕೋರಿಕೆ ಕಳಿಸಿದೆವು. 15 ಪೈಸೆಯ ಕಾರ್ಡಿನಲ್ಲಿ ಎಲ್ಲರ ಹೆಸರು, ಮೂಲೆಯಲ್ಲಿ ಮೆಸ್ಸಿನ ಅಡುಗೆ ಅಜ್ಜಿಯದ್ದೂ. ಅಜ್ಜಿಯ ಹೆಸರು ರೇಡಿಯೋದಲ್ಲಿ ಬಂತು ನೋಡಿ, ಮರುದಿನ ನಮ್ಮ ತಾಟಿಗೆ ಎರಡೆರಡು ಶೇಂಗಾ ಹೋಳಿಗೆ! ಎರಡು ಹೋಳಿಗೆ ಅಂದ್ರೆ ಹಾಸ್ಟೆಲಿನಲ್ಲಿ ಸಣ್ಣ ಮಾತಲ್ಲ.

ಆ ಗೆಳತಿ ಈಗ ಮಸ್ಕತ್‌ನಲ್ಲಿದ್ದಾಳೆ. ಮೊನ್ನೆ ಫೋನ್ ಹಚ್ಚಿದೆ. ಹಲೋ ಅನ್ನಲಿಲ್ಲ, ನೇರ ಪಲ್ಲವಿ ಹಾಡಿದೆ. ಈ ಸಲ ಸರಿಯಾದ ಸಾಲನ್ನೇ ಹಾಡಿದ್ದೆ. ಅವಳೇನಂದಳು ಗೊತ್ತಾ? “ಏ, ತಪ್ಪ್ ಹಾಡಾಕತ್ತೀ ಬಿಡವಾ!” ಅಂತ ತನ್ನ ಹಳೇ ತಪ್ಪನ್ನೇ ಗಟ್ಟಿಯಾಗಿ ಹಾಡಿದಳು. ಹಿಂದಿನಿಂದ ಅವಳ ಮಗ, “ಅಮ್ಮಾ, ಮೆಲ್ಲಗೆ” ಅಂತಿದ್ದ.

ಗಾಜಿನಾಚೆಯಿಂದ ಕೈಸನ್ನೆ ಮಾಡ್ತಿದ್ದಾರೆ, ಸಮಯ ಆಯ್ತಂತೆ. 2006ರ ‘ಮುಂಗಾರು ಮಳೆ’ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಅದಕ್ಕೆ ಸಂಗೀತ ಕೊಟ್ಟ ಮನೋಮೂರ್ತಿ ಇರೋದೇ ಅಮೆರಿಕದಲ್ಲಿ. ಇರಲಿ. ಇಂಥ ಹಾಡು ಅಗ್ಗ ಅಂತ ಮೂಗು ಮುರಿಯುವವರು ಮುರಿಯಲಿ, ನನಗೆ ಸಾಕಾಗಿದೆ. ನೀವು ಹಾಡಿ, ಫೋನ್ ಮಾಡಿ. ವಾಟ್ಸಾಪಿನಲ್ಲಿ ಒಂದು ಕೆಂಪು ಹೃದಯ ಕಳಿಸಿ ಸುಮ್ನಾಗಬೇಡಿ, ದಯವಿಟ್ಟು. ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ ಅಷ್ಟೇ, ರಾತ್ರಿ ಹತ್ತಕ್ಕೆ ಮಾಡಿದರೂ ನಡೆಯುತ್ತೆ. ಅಮೆರಿಕಕ್ಕಾದರೆ ಮಾತ್ರ ಗಡಿಯಾರ ನೋಡಿಕೊಳ್ಳಿ. ನಮಸ್ಕಾರ.