ಮೊಟ್ಟೆಯೊಳಗಿನ ಮೊದಲ ಮಿಡಿತ

ನಮಸ್ಕಾರ. ನಾನು ಸಂಶೋಧನಾ ವಿದ್ಯಾರ್ಥಿನಿ ಎಂದು ತಿಳಿದ ಕೂಡಲೇ ಬಹುಪಾಲು ಜನರು ಕೇಳುವ ಪ್ರಶ್ನೆ ಒಂದೇ: ‘ಏನು ಕಂಡುಹಿಡಿದಿರಿ?’ ಆ ಪ್ರಶ್ನೆಯಲ್ಲಿ ಕುತೂಹಲವಿದೆ, ಪ್ರೀತಿಯೂ ಇದೆ. ಆದರೆ ನಮ್ಮ ದಿನಗಳು ಹೇಗೆ ಸಾಗುತ್ತವೆ ಎಂಬುದನ್ನು ಅದು ಮುಟ್ಟುವುದಿಲ್ಲ. ಹೇಳಿಕೊಳ್ಳುವಂಥ ಶೋಧವೊಂದೂ ಕೈಗೆ ಬಾರದೆ ವರ್ಷಗಟ್ಟಲೆ ಪ್ರಯೋಗಾಲಯಕ್ಕೆ ಹೋಗಿಬರುವ ನಮ್ಮಂಥವರನ್ನು ಅಲ್ಲಿ ಉಳಿಸುವುದು ದಿನನಿತ್ಯದ ಸಣ್ಣ ಸಂತೋಷಗಳೇ ಎಂದು ನಾನು ನಂಬಿದ್ದೇನೆ. ಇಂದು ಅವುಗಳ ಪರವಾಗಿ ಮಾತನಾಡುತ್ತೇನೆ.

ನನ್ನ ಕೆಲಸ ಜೀಬ್ರಾಫಿಶ್ ಎಂಬ, ಕಿರುಬೆರಳಿಗಿಂತ ಚಿಕ್ಕದಾದ, ಮೈತುಂಬ ನೀಲಿ ಪಟ್ಟೆಗಳಿರುವ ಮೀನಿನೊಂದಿಗೆ. ಹಿಂದಿನ ಸಂಜೆ ಗಂಡು ಹೆಣ್ಣುಗಳನ್ನು ಒಂದೇ ತೊಟ್ಟಿಯಲ್ಲಿ, ನಡುವೆ ತಡೆಯಿಟ್ಟು ಬಿಡುತ್ತೇವೆ. ಬೆಳಗ್ಗೆ ದೀಪ ಹತ್ತಿದ ಮೇಲೆ ಆ ತಡೆಯನ್ನು ತೆಗೆದರೆ, ಬೆಳಕನ್ನೇ ಕಾಯುತ್ತಿದ್ದ ಮೀನುಗಳು ಸ್ವಲ್ಪ ಹೊತ್ತಿನಲ್ಲಿ ಮೊಟ್ಟೆಯಿಡುತ್ತವೆ. ಅವುಗಳನ್ನು ಜಾಲರಿಯಲ್ಲಿ ಸೋಸಿ, ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಪಾರದರ್ಶಕ ಪೊರೆಯೊಳಗೆ ಕಾಣುವುದು ಒಂದೇ ಒಂದು ಜೀವಕೋಶ. ಫಲಿತಗೊಂಡ ಸುಮಾರು 45 ನಿಮಿಷಕ್ಕೆ ಅದು ಎರಡಾಗುತ್ತದೆ. ಅಲ್ಲಿಂದ ಹೆಚ್ಚುಕಡಿಮೆ 15 ನಿಮಿಷಕ್ಕೊಮ್ಮೆ ನಾಲ್ಕು, ಎಂಟು, ಹದಿನಾರು. ಈ ಲೆಕ್ಕ ನನಗೆ ಬಾಯಿಪಾಠವಾಗಿದೆ. ಆದರೂ ಮೊದಲ ಸೀಳು ಮೂಡುವಾಗ ನಾನು ಇಂದಿಗೂ ಪಕ್ಕದವರನ್ನು ಕರೆಯುತ್ತೇನೆ, ಅವರೂ ತಮ್ಮ ಕೆಲಸ ಬಿಟ್ಟು ಬಂದು ನೋಡುತ್ತಾರೆ.

ಮರುದಿನ, ಅಂದರೆ ಸುಮಾರು 24 ಗಂಟೆಗಳ ಹೊತ್ತಿಗೆ, ಅದೇ ಮೊಟ್ಟೆಯೊಳಗೆ ಹೃದಯ ಮಿಡಿಯತೊಡಗುತ್ತದೆ. ಆಗ ಅದಿನ್ನೂ ಕೋಣೆಗಳಿಲ್ಲದ ಒಂದು ಸಣ್ಣ ಕೊಳವೆ, ಅದರ ಮಿಡಿತವೂ ತಡವರಿಸುವಂತಿರುತ್ತದೆ. ಕಳೆದ ವರ್ಷ ಸತತ ಏಳು ತಿಂಗಳು ನನ್ನ ಮುಖ್ಯ ಪ್ರಯೋಗ ಕೈಕೊಟ್ಟಿತು. ವಾರದ ಸಭೆಯಲ್ಲಿ ತೋರಿಸಲು ನನ್ನ ಬಳಿ ಒಂದು ನಕ್ಷೆಯೂ ಇರಲಿಲ್ಲ. ಆ ಏಳು ತಿಂಗಳೂ ನಾನು ಪ್ರತಿ ಬೆಳಗ್ಗೆ ಎದ್ದು ಹೊರಟದ್ದು ಈ ಮಿಡಿತವನ್ನು ನೋಡಲೆಂದೇ.

ಬೇರೆ ಸಂತೋಷಗಳೂ ಇವೆ. ವರ್ಷದ ಅಭ್ಯಾಸದ ನಂತರ, ದ್ರವವನ್ನು ಅಳೆದು ಹಾಕುವ ಪೈಪೆಟ್ಟಿನ ತುದಿಯಲ್ಲಿರುವ ಒಂದು ಮೈಕ್ರೋಲೀಟರ್ ಹನಿಯನ್ನು, ಲೀಟರಿನ ಹತ್ತು ಲಕ್ಷದ ಒಂದು ಭಾಗವನ್ನು, ಕೈ ತಾನಾಗಿಯೇ ಗುರುತಿಸುವುದು. ಹಿಂದೆ ಓದಿ ಹೋದವರೊಬ್ಬರ ನೋಟ್‌ಪುಸ್ತಕದ ಅಂಚಿನಲ್ಲಿ ನಮ್ಮ ತೊಡಕಿಗೆ ಉತ್ತರ ಸಿಗುವುದು.

ಇವುಗಳನ್ನು ಕೆಲಸದ ನಡುವಿನ ಬಿಡುವು ಎಂದು ಎಣಿಸುವವರೊಂದಿಗೆ ನನ್ನ ತಕರಾರಿದೆ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಜೋಸೆಲಿನ್ ಬೆಲ್, ತಾವೂ ಕೈಜೋಡಿಸಿ ಕಟ್ಟಿದ ರೇಡಿಯೋ ದೂರದರ್ಶಕವು ದಿನಕ್ಕೆ ಸುಮಾರು 30 ಮೀಟರ್ ಉದ್ದದ ಕಾಗದದ ಮೇಲೆ ಬರೆಯುತ್ತಿದ್ದ ಗೆರೆಗಳನ್ನು ಕಣ್ಣಿನಿಂದಲೇ ಪರಿಶೀಲಿಸುತ್ತಿದ್ದರು. ಉಳಿದವುಗಳಿಗೆ ಹೊಂದದ ಒಂದು ಚಿಕ್ಕ ಗೀಚು ಅವರ ಗಮನ ಸೆಳೆಯಿತು; ಅದರ ಬೆನ್ನುಹತ್ತಿದಾಗ 1.3 ಸೆಕೆಂಡಿಗೊಮ್ಮೆ ಬರುವ ಮಿಡಿತ ಕಂಡಿತು. ಮೊದಲ ಪಲ್ಸಾರ್, ಅಂದರೆ ನಿಯತವಾಗಿ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ, ಸಿಕ್ಕಿದ್ದು ಹೀಗೆ. ಈ ಶೋಧಕ್ಕೆ ಸಂಬಂಧಿಸಿದ 1974ರ ನೊಬೆಲ್ ಪ್ರಶಸ್ತಿಯಲ್ಲಿ ಅವರ ಹೆಸರಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ಆದರೆ ಇಲ್ಲಿ ನಾನು ಹೇಳಬೇಕಾದದ್ದು ಬೇರೆ: ಸಾಮಾನ್ಯವಾದ ಗೆರೆಗಳನ್ನು ದಿನವೂ ಅಷ್ಟು ಹತ್ತಿರದಿಂದ ನೋಡಿರದಿದ್ದರೆ ಆ ಗೀಚು ಅಸಾಮಾನ್ಯವೆಂದು ಅವರಿಗೆ ತೋಚುತ್ತಿರಲಿಲ್ಲ.

ಆದ್ದರಿಂದ ಮಾರ್ಗದರ್ಶಕರಲ್ಲಿ ನನ್ನದೊಂದು ಕೋರಿಕೆ. ವಾರದ ಸಭೆಯಲ್ಲಿ ‘ಫಲಿತಾಂಶ ಬಂತೇ?’ ಎಂದು ಕೇಳುವ ಮೊದಲು ‘ಈ ವಾರ ಏನು ನೋಡಿದಿರಿ?’ ಎಂದು ಕೇಳಿ. ಮೊದಲ ಪ್ರಶ್ನೆಗೆ ಉತ್ತರವಿಲ್ಲದ ವಿದ್ಯಾರ್ಥಿ ತಲೆ ತಗ್ಗಿಸುತ್ತಾನೆ, ಕ್ರಮೇಣ ಸಭೆಗೆ ಬರುವುದಕ್ಕೇ ಹೆದರುತ್ತಾನೆ. ಎರಡನೆಯದಕ್ಕೆ ಅವನ ಬಳಿ ಹೇಳಲು ಏನಾದರೊಂದು ಇದ್ದೇ ಇರುತ್ತದೆ. ನನ್ನ ಏಳು ತಿಂಗಳ ಕೊನೆಯಲ್ಲಿ ಹಿರಿಯರೊಬ್ಬರು ನನ್ನನ್ನು ಹಾಗೆ ಕೇಳಿದರು. ಕೆಲವು ಮೊಟ್ಟೆಗಳಲ್ಲಿ ಮಿಡಿತ ತುಸು ತಡವಾಗಿ ಆರಂಭವಾಗುತ್ತಿದೆ ಎಂದೆ. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ‘ಎಷ್ಟು ತಡ?’ ಎಂದರು.